ಪುಷ್‌ಅಪ್ ಎಣಿಸುವುದು ಆಮೇಲೆ, ಮೊದಲು ನೆಟ್ಟಗೆ ಮಾಡಿ

ಜೂನ್ ಬಂದರೆ ಕೊಡಗಿನ ಮೈದಾನಗಳಲ್ಲಿ ನೀರು ನಿಲ್ಲುತ್ತದೆ. ಹಾಕಿ ಸ್ಟಿಕ್ ಮೂಲೆ ಸೇರುತ್ತದೆ. ಹೈಸ್ಕೂಲು, ಪಿಯುಸಿ ಮಕ್ಕಳು ಮನೆಯಲ್ಲೇ ಕಸರತ್ತು ಶುರು ಮಾಡುವುದು ಆಗಲೇ. ಕೆಲವರಿಗೆ ಬೇಸಿಗೆಯ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನದ ತಂಡಕ್ಕೆ ಆಡುವ ಆಸೆ. ಕೆಲವರಿಗೆ ಸೇನೆ ಸೇರುವ ಕನಸು. ಇನ್ನು ಕೆಲವರಿಗೆ ತೋಳು ದಪ್ಪಗೆ ಕಾಣಬೇಕು, ಅಷ್ಟೆ. ಮೂರೂ ಒಳ್ಳೆಯ ಕಾರಣಗಳೇ. ಆದರೆ ಮಕ್ಕಳಿಗೆ ಆಟ ಹೇಳಿಕೊಡುವ ನಾನು ಪ್ರತಿ ಮಳೆಗಾಲವೂ ನೋಡುವುದು ಒಂದೇ ಕಥೆ: ಮೊದಲ ದಿನವೇ ಐವತ್ತು ಪುಷ್‌ಅಪ್, ಎರಡನೇ ವಾರ ಭುಜನೋವು, ಮೂರನೇ ವಾರ ಎಲ್ಲ ಬಂದ್.

ಮನೆಯ ಹಿರಿಯರಿಗೆ ಒಂದು ಮಾತು. ಭಾರ ಎತ್ತಿದರೆ ಮಕ್ಕಳು ಎತ್ತರ ಬೆಳೆಯುವುದಿಲ್ಲ ಎಂಬ ಭಯ ಬೇಡ. ಸರಿಯಾದ ರೀತಿಯಲ್ಲಿ, ಹಿತಮಿತವಾಗಿ ಮಾಡಿದರೆ ಬೆಳವಣಿಗೆಗೆ ಏನೂ ಆಗುವುದಿಲ್ಲ. 5ರಿಂದ 17 ವರ್ಷದವರು ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿ ಮಾಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಸ್ತಮಾ, ಹೃದಯದ ತೊಂದರೆ ಅಥವಾ ಹಿಂದೆ ಮೂಳೆ ಮುರಿದದ್ದು ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಶುರು ಮಾಡುವ ಮುನ್ನ

ಸೋಮವಾರ, ಬುಧವಾರ, ಶುಕ್ರವಾರ. ಅರ್ಧ ಗಂಟೆ ಸಾಕು. ನಡುವಿನ ದಿನ ಬಿಡುವು ಬೇಕೇ ಬೇಕು. ಜಾಗ ಮನೆಯೊಳಗೇ ಇರಲಿ. ಮಳೆಗಾಲದಲ್ಲಿ ಕಾಫಿ ಕಣದ ಸಿಮೆಂಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಬೇಡ. ಸಾಕ್ಸ್ ಹಾಕಿಕೊಂಡು ಮಾಡಬೇಡಿ, ಬರಿಗಾಲೇ ಒಳ್ಳೆಯದು. ಐದು ನಿಮಿಷ ಮೆಟ್ಟಿಲು ಹತ್ತಿ ಇಳಿದು, ಕೈ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ.

ಪುಷ್‌ಅಪ್: ಎಲ್ಲರೂ ಕೆಡಿಸುವುದು ಇಲ್ಲೇ

ನೆಲದಿಂದ ಶುರು ಮಾಡಬೇಡಿ. ಹೊಸಬರಲ್ಲಿ ಹೆಚ್ಚಿನವರಿಗೆ ನೆಲದ ಮೇಲೆ ಒಂದೂ ಸರಿಯಾದ ಪುಷ್‌ಅಪ್ ಬರುವುದಿಲ್ಲ. ಅದರಲ್ಲಿ ನಾಚಿಕೆಯೇನೂ ಇಲ್ಲ. ಜಗಲಿ ಕಟ್ಟೆಗೆ ಕೈ ಊರಿ ಮಾಡಿ. ಕೈ ಎತ್ತರದಲ್ಲಿದ್ದಷ್ಟೂ ತೋಳಿನ ಮೇಲೆ ಬೀಳುವ ಭಾರ ಕಡಿಮೆ. ಎಂಟು ಸಲ ಚೆನ್ನಾಗಿ ಮಾಡಲು ಆಗುವ ಎತ್ತರ ಯಾವುದೋ ಅದೇ ನಿಮ್ಮದು. ಕಟ್ಟೆಯೂ ಕಷ್ಟವಾದರೆ ಗೋಡೆ. ಊಟದ ಮೇಜು ಮಾತ್ರ ಬೇಡ, ಜಾರುತ್ತದೆ.

ಅಂಗೈಗಳನ್ನು ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಇಡಿ. ಕೆಳಗೆ ಇಳಿದಾಗ ಕೈಗಳು ಎದೆಯ ನೇರಕ್ಕೆ ಬರಬೇಕು, ಮುಖದ ನೇರಕ್ಕಲ್ಲ. ಇದೊಂದು ತಪ್ಪಿದರೆ ಭುಜ ಹಾಳು. ಮೊಣಕೈ ಎರಡೂ ಕಡೆ ನೇರ ಹೊರಕ್ಕೆ ಹೋಗಬಾರದು. ಪಕ್ಕೆಗೆ ಅಂಟಿಕೊಳ್ಳುವುದೂ ಬೇಡ. ಮೇಲಿನಿಂದ ನೋಡಿದರೆ ತಲೆ ಮತ್ತು ತೋಳುಗಳು ಬಾಣದ ಗುರುತಿನ ಹಾಗೆ ಕಾಣಬೇಕು.

ಈಗ ಪೃಷ್ಠ ಬಿಗಿ ಮಾಡಿ, ಹೊಟ್ಟೆ ಬಿಗಿ ಹಿಡಿಯಿರಿ. ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ. ಸುಸ್ತಾದಾಗ ಮೊದಲು ಜೋತು ಬೀಳುವುದು ಸೊಂಟ, ಆಮೇಲೆ ಮುಂದಕ್ಕೆ ಚಾಚುವುದು ಕತ್ತು. ಹುಡುಗರು ಗಲ್ಲ ತಾಗಿಸಿ ‘ಆಯ್ತು ಸಾರ್’ ಅನ್ನುತ್ತಾರೆ. ಆಗಿಲ್ಲ. ಎದೆ ಕಟ್ಟೆಗೆ ತಾಗಬೇಕು. ಮೂರು ಎಣಿಸುತ್ತಾ ಇಳಿಯಿರಿ, ಒಂದು ಎಣಿಸುವಷ್ಟು ನಿಲ್ಲಿ, ಉಸಿರು ಬಿಡುತ್ತಾ ಮೇಲೆ ಬನ್ನಿ. ಮೇಲೆ ಬಂದಾಗ ಕೈ ಪೂರ್ತಿ ನೆಟ್ಟಗಾಗಬೇಕು. ಹೀಗೆ ಮಾಡಿದರೆ ಐವತ್ತು ಹೊಡೆಯುತ್ತಿದ್ದವನಿಗೂ ಆರು ಮುಗಿಸುವಷ್ಟರಲ್ಲಿ ತೋಳು ನಡುಗುತ್ತದೆ. ಸ್ನಾಯು ಬೆಳೆಯುವುದು ಆ ಆರರಿಂದಲೇ.

ಯಾವಾಗ ನಿಲ್ಲಿಸಬೇಕು? ಇನ್ನೆರಡು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಸೊಂಟ ಜೋತು ಬಿತ್ತೆಂದರೆ ಆ ಸುತ್ತು ಅಲ್ಲಿಗೆ ಮುಗಿಯಿತು. ಒಂದೂವರೆ ನಿಮಿಷ ಸುಧಾರಿಸಿಕೊಂಡು ಮತ್ತೆ. ಒಟ್ಟು ಮೂರು ಸುತ್ತು. ಮೂರು ಸುತ್ತಿನಲ್ಲೂ ಹನ್ನೆರಡು ನೆಟ್ಟಗೆ ಬಂದ ಮೇಲೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಕಟ್ಟೆಯಿಂದ ಮೆಟ್ಟಿಲು, ಮೆಟ್ಟಿಲಿನಿಂದ ನೆಲ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಹಿಡಿಯಲಿ. ಮಂಡಿ ಊರಿ ಮಾಡುವ ಪುಷ್‌ಅಪ್ ನಾನು ಯಾರಿಗೂ ಹೇಳಿಕೊಡುವುದಿಲ್ಲ. ಸೊಂಟ ಗಟ್ಟಿ ಹಿಡಿಯುವುದನ್ನು ಅದು ಕಲಿಸುವುದಿಲ್ಲ. ಮಣಿಕಟ್ಟು ನೋವಾದರೆ ಕಟ್ಟೆಯ ಅಂಚನ್ನು ಹಿಡಿದು ಮಾಡಿ.

ಉಳಿದವು

ಸ್ಕ್ವಾಟ್ ಸುಲಭ: ಹಿಂದೆ ಕುರ್ಚಿ ಇಟ್ಟುಕೊಂಡು, ಹಿಮ್ಮಡಿ ಎತ್ತದೆ ನಿಧಾನ ಕೂತು ಏಳಿ. ಹತ್ತರಂತೆ ಮೂರು ಸುತ್ತು.

ಸೊಂಟದಿಂದ ಬಾಗುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಮಂಡಿ ಸ್ವಲ್ಪವೇ ಮಡಚಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ಬೆನ್ನು ಗೂನಾಗಬಾರದು. ಇದು ಕೈವಶವಾದ ಮೇಲೆ ಶಾಲೆಯ ಬ್ಯಾಗಿನಲ್ಲಿ 5 ಲೀಟರ್ ನೀರಿನ ಕ್ಯಾನ್ ಇಟ್ಟು, ಕಾಲಿಗೆ ಒತ್ತಿಕೊಂಡಂತೆ ಹಿಡಿದು ಅದೇ ರೀತಿ ಮಾಡಿ. 5 ಲೀಟರ್ ನೀರು ಅಂದರೆ 5 ಕೆ.ಜಿ. ಭಾರ, ಲೆಕ್ಕ ಸುಲಭ. ಕೊಯ್ಲಿನ ಸಮಯದಲ್ಲಿ ಕಣದಲ್ಲಿ 50 ಕೆ.ಜಿ. ಕಾಫಿ ಮೂಟೆ ನೋಡಿ ಕೈ ಹಾಕುವ ಹುಡುಗರಿದ್ದಾರೆ. ದಯವಿಟ್ಟು ಬೇಡ. ಬೆನ್ನು ಹಿಡಿದುಕೊಂಡರೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಎಳೆಯುವ ವ್ಯಾಯಾಮವನ್ನು ಮಕ್ಕಳು ಬಿಟ್ಟೇ ಬಿಡುತ್ತಾರೆ. ಸೇನಾ ಭರ್ತಿಯ ದೈಹಿಕ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟದ ಜೊತೆ ಇರುವುದು ಪುಲ್‌ಅಪ್, ಪುಷ್‌ಅಪ್ ಅಲ್ಲ. ಅದೇ ಬ್ಯಾಗನ್ನು ಬಳಸಿ. ಸೊಂಟದಿಂದ ಬಾಗಿ, ಒಂದು ಕೈ ಕಟ್ಟೆಗೆ ಊರಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಪಕ್ಕೆಯವರೆಗೆ ಎಳೆಯಿರಿ. ಪ್ರತಿ ಕೈಗೆ ಹತ್ತು, ಮೂರು ಸುತ್ತು. ತೋಟದ ಸಿಲ್ವರ್ ಓಕ್ ಕೊಂಬೆಗೆ ಜೋತು ಬೀಳಬೇಡಿ. ಆ ಮರದ ಕೊಂಬೆ ಪಟ್ಟನೆ ಮುರಿಯುತ್ತದೆ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿಯುವ ಅಗ್ಗದ ರಾಡುಗಳೂ ನನಗೆ ಇಷ್ಟವಿಲ್ಲ. ಮೈಭಾರ ಬಿದ್ದಾಗ ಜಾರಿದರೆ ಬೀಳುವುದು ಬೆನ್ನ ಮೇಲೆ. ಪುಲ್‌ಅಪ್ ಕಲಿಯಲು ಶಾಲಾ ಮೈದಾನದ ಕಬ್ಬಿಣದ ಬಾರ್ ಇದೆಯಲ್ವಾ, ಮಳೆ ಬಿಟ್ಟ ಮೇಲೆ ಅದನ್ನು ಒರೆಸಿಕೊಂಡು ಬಳಸಿ.

ಪ್ರೋಟೀನ್ ಡಬ್ಬಿಗೆ ಅಪ್ಪ ಅಮ್ಮನ ದುಡ್ಡು ಸುರಿಯಬೇಡಿ. ‘ಮಾಸ್ ಗೇನರ್’ ಎಂದು ಮಾರುವ ಪುಡಿಗಳಲ್ಲಿ ಹೆಚ್ಚಿನದು ಸಕ್ಕರೆಯಂಥ ಪಿಷ್ಟವೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಜೊತೆ ಎರಡು ಮೊಟ್ಟೆ, ಮಧ್ಯಾಹ್ನ ಕಾಳು ಸಾರು ಅಥವಾ ಮೀನು, ರಾತ್ರಿ ಹಾಲು. ಕಡಂಬುಟ್ಟು ಜೊತೆ ಪಂದಿ ಕರಿ ಇದ್ದ ದಿನ ಚೆನ್ನಾಗಿ ತಿನ್ನಿ. ನಿದ್ದೆ 8ರಿಂದ 10 ಗಂಟೆ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ನೋಡಿದರೆ ಯಾವ ಮೊಟ್ಟೆಯೂ ಕೆಲಸ ಮಾಡುವುದಿಲ್ಲ.

ಮರುದಿನ ಮೈಕೈ ನೋವು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದಂಥ ನೋವು ಬಂದರೆ ಆ ವ್ಯಾಯಾಮ ನಿಲ್ಲಿಸಿ, ವಾರದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ ಹದಿನೈದು ದಿನಕ್ಕೊಮ್ಮೆ ವಿಡಿಯೊ ತೆಗೆದುಕೊಳ್ಳಿ. ಸೊಂಟ ಜೋತು ಬಿದ್ದದ್ದು ನಿಮಗೆ ಗೊತ್ತಾಗದಿದ್ದರೂ ಅದರಲ್ಲಿ ಕಾಣುತ್ತದೆ. ಹಳೇ ನೋಟ್‌ಬುಕ್ಕಿನಲ್ಲಿ ತಾರೀಕು, ಕೈ ಊರಿದ ಎತ್ತರ, ನೆಟ್ಟಗೆ ಬಂದ ಎಣಿಕೆ ಬರೆದಿಡಿ. ಅರ್ಧಂಬರ್ಧ ಮಾಡಿದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ.