ದೊಡ್ಡ ಪೈಪ್‌ಲೈನ್‌ಗೆ ಎನ್‌ಆರ್‌ವಿ ಆರಿಸುವುದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ದೊಡ್ಡ ಪಂಪ್‌ಗಳಿಗೆ ಬರವಿಲ್ಲ. ಕೃಷ್ಣೆಯ ನೀರೆತ್ತುವ ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಿವೆ. ಮುಧೋಳ, ಅಥಣಿ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಇಂಥ ಕಡೆ ಪಂಪ್ ನಿಂತ ಕೂಡಲೇ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವುದು ಎನ್‌ಆರ್‌ವಿ, ಅಂದರೆ ನಾನ್ ರಿಟರ್ನ್ ವಾಲ್ವ್. ಅದು ಕೈಕೊಟ್ಟರೆ ಪಂಪ್ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗುತ್ತಿರುವಾಗಲೇ ಯಾರಾದರೂ ಸ್ಟಾರ್ಟ್ ಬಟನ್ ಒತ್ತಿದರೆ ಶಾಫ್ಟ್ ಮುರಿಯಬಹುದು.

ಇಷ್ಟು ಮುಖ್ಯವಾದ ವಾಲ್ವನ್ನು ಸುಮ್ನೆ ಪೈಪಿನ ಸೈಜ್ ನೋಡಿ ತರಿಸುವವರೇ ಜಾಸ್ತಿ. ಪೈಪ್ 600 ಎಂಎಂ, ಹಾಗಾಗಿ ವಾಲ್ವೂ 600. ಇದು ಸರಿಯಲ್ಲ. ಮೊದಲು ನೋಡಬೇಕಾದದ್ದು ಬೇರೆಯೇ ಇದೆ.

ಪಂಪ್ ಟ್ರಿಪ್ ಆದರೆ ನಿಮ್ಮ ಲೈನಿನಲ್ಲಿ ನೀರು ಎಷ್ಟು ಬೇಗ ಹಿಂದಕ್ಕೆ ತಿರುಗುತ್ತದೆ? ಆಯ್ಕೆ ಶುರುವಾಗುವುದೇ ಈ ಪ್ರಶ್ನೆಯಿಂದ. ಒಂದೇ ಪಂಪ್, ಉದ್ದನೆಯ ಸಪಾಟು ಲೈನ್ ಇದ್ದರೆ ನೀರು ನಿಧಾನಕ್ಕೆ ನಿಲ್ಲುತ್ತದೆ. ನಾಲ್ಕಾರು ಪಂಪ್‌ಗಳು ಒಂದೇ ಹೆಡರ್‌ಗೆ, ಅಂದರೆ ಎಲ್ಲದರ ನೀರು ಕೂಡುವ ದೊಡ್ಡ ಪೈಪಿಗೆ, ಸೇರಿದ್ದರೆ ಕಥೆ ಬೇರೆ. ಒಂದು ಪಂಪ್ ನಿಂತ ಕ್ಷಣವೇ ಉಳಿದ ಪಂಪ್‌ಗಳ ಒತ್ತಡ ಅದರ ಕಡೆಗೆ ನುಗ್ಗುತ್ತದೆ. ಕಡಿದಾಗಿ ಮೇಲೇರುವ ಗಿಡ್ಡ ಲೈನಿನಲ್ಲೂ ಹೀಗೆಯೇ. ಸರ್ಜ್ (ಒತ್ತಡದ ಹಠಾತ್ ಏರಿಳಿತ) ತಡೆಯಲೆಂದು ಪಂಪ್ ಹತ್ತಿರ ಏರ್ ವೆಸೆಲ್, ಅಂದರೆ ಒಳಗೆ ಗಾಳಿ ತುಂಬಿದ ಟ್ಯಾಂಕ್, ಇಟ್ಟಿದ್ದರೂ ನೀರು ಬೇಗ ತಿರುಗುತ್ತದೆ. ಇದನ್ನು ಹಲವರು ಗಮನಿಸುವುದೇ ಇಲ್ಲ.

ಎನ್‌ಆರ್‌ವಿ ಒಳಗೆ ನೀರನ್ನು ತಡೆಯುವ ಬಾಗಿಲು ತಡವಾಗಿ ಬಿದ್ದರೆ ಅಷ್ಟರಲ್ಲಿ ಹಿಮ್ಮುಖ ಹರಿವು ವೇಗ ಹಿಡಿದಿರುತ್ತದೆ. ಆಮೇಲೆ ಢಬ್ ಅಂತ ಮುಚ್ಚಿಕೊಳ್ಳುತ್ತದೆ. ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ಒಮ್ಮೆಲೇ ನಿಂತರೆ ಸುಮಾರು 100 ಮೀಟರ್ ಹೆಡ್‌ನಷ್ಟು (ಅಷ್ಟು ಎತ್ತರದ ನೀರು ಒತ್ತಿದಷ್ಟು), ಅಂದರೆ ಹತ್ತಿರ ಹತ್ತಿರ 10 ಬಾರ್, ಹೆಚ್ಚುವರಿ ಒತ್ತಡ ಏಳುತ್ತದೆ. ಫ್ಲ್ಯಾಂಜ್ ಬೋಲ್ಟ್ ಸಡಿಲವಾಗುವುದು, ಗ್ಯಾಸ್ಕೆಟ್ ಹಾರಿಹೋಗುವುದು ಇದರಿಂದಲೇ.

ಹಾಗಾಗಿ ನೀರು ನಿಧಾನಕ್ಕೆ ತಿರುಗುವ ಲೈನಿಗೆ ಒಂದೇ ಬಾಗಿಲು ಮೇಲಿನ ಹಿಂಜಿನಿಂದ ತೂಗುವ ಸಾಮಾನ್ಯ ಸ್ವಿಂಗ್ ಟೈಪ್ ಸಾಕು. ಬೇಗ ತಿರುಗುವ ಕಡೆ ಡ್ಯುಯಲ್ ಪ್ಲೇಟ್ ನೋಡಿ. ಜೋಡಿ ಕದದ ಬಾಗಿಲಿನ ಹಾಗೆ ಎರಡು ಅರ್ಧ ತಟ್ಟೆ, ನಡುವೆ ಸ್ಪ್ರಿಂಗ್. ತಟ್ಟೆಗಳು ಹಗುರ, ಓಡಾಟ ಕಡಿಮೆ, ಮುಚ್ಚುವುದು ಬೇಗ. ಇನ್ನೂ ಕಠಿಣ ಜಾಗಕ್ಕೆ, ಸ್ಪ್ರಿಂಗ್ ತಳ್ಳುವ ಡಿಸ್ಕ್ ನೇರವಾಗಿ ಹಿಂದೆ ಸರಿದು ಮುಚ್ಚುವ ನಾಝಲ್ ಟೈಪ್ ಇದೆ. ಬೆಲೆ ಜಾಸ್ತಿ. ಆದರೆ ಒಮ್ಮೆ ರೈಸಿಂಗ್ ಮೇನ್ (ನೀರನ್ನು ಮೇಲಕ್ಕೊಯ್ಯುವ ಮುಖ್ಯ ಪೈಪ್) ಒಡೆದರೆ ಆಗುವ ಖರ್ಚಿನ ಮುಂದೆ ಅದು ದುಬಾರಿ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಸೈಜ್. ಗಂಟೆಗೆ 1000 ಘನ ಮೀಟರ್ ನೀರು ಅಂದುಕೊಳ್ಳಿ. 600 ಎಂಎಂ ವಾಲ್ವಿನಲ್ಲಿ ವೇಗ ಸೆಕೆಂಡಿಗೆ 1 ಮೀಟರ್ ಕೂಡ ಮುಟ್ಟುವುದಿಲ್ಲ. 450 ಎಂಎಂನಲ್ಲಿ ಅದು ಸುಮಾರು 1.75 ಮೀಟರ್. ವೇಗ ಸಾಲದಿದ್ದರೆ ಬಾಗಿಲು ಪೂರ್ತಿ ತೆರೆಯದೆ ಹರಿವಿನಲ್ಲೇ ಅಲ್ಲಾಡುತ್ತಿರುತ್ತದೆ. ಅಂಥ ವಾಲ್ವಿನ ಹೊರಮೈಗೆ ಕಿವಿ ಕೊಟ್ಟರೆ ಟಕ್ ಟಕ್ ಕೇಳುತ್ತದೆ. ಬಿಚ್ಚಿ ನೋಡಿದರೆ ಹಿಂಜ್ ಪಿನ್ ಒಂದು ಬದಿ ಸವೆದು, ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಬಾಗಿಲು ಪೂರ್ತಿ ತೆರೆಯಲು ಕನಿಷ್ಠ ಎಷ್ಟು ವೇಗ ಬೇಕು ಎಂದು ತಯಾರಕರನ್ನು ಕೇಳಿ, ಬರವಣಿಗೆಯಲ್ಲೇ ಪಡೆಯಿರಿ. ಬೇಕಾದರೆ ರೆಡ್ಯೂಸರ್ (ಪೈಪನ್ನು ಕಿರಿದಾಗಿಸುವ ತುಂಡು) ಹಾಕಿ ಸಣ್ಣ ವಾಲ್ವ್ ಕೂರಿಸಬಹುದು. ಆದರೆ ತೀರಾ ಸಣ್ಣದಾದರೆ ಹೆಡ್ ಲಾಸ್ (ವಾಲ್ವಿನಲ್ಲಿ ಕಳೆದುಹೋಗುವ ಒತ್ತಡ) ಏರಿ ಕರೆಂಟ್ ಬಿಲ್ಲೂ ಏರುತ್ತದೆ. ಎರಡನ್ನೂ ಲೆಕ್ಕ ಹಾಕಿ.

ಒಳಗೆ ಹರಿಯುವುದು ಏನು ಅನ್ನುವುದೂ ಮುಖ್ಯ ಅಲ್ವಾ? ಕಬ್ಬಿನ ಹಾಲಿನಲ್ಲಿ ಸಿಪ್ಪೆಯ ನಾರು ಇರುತ್ತದೆ. ಡ್ಯುಯಲ್ ಪ್ಲೇಟಿನ ಪಿನ್ನು, ಸ್ಪ್ರಿಂಗಿಗೆ ಅದು ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಮೇಲಿನ ಮುಚ್ಚಳ ಬಿಚ್ಚಿ ಸ್ವಚ್ಛ ಮಾಡಬಹುದಾದ ಸ್ವಿಂಗ್ ಟೈಪೇ ಒಳ್ಳೆಯದು. ಬಾಗಿಲು ಮುಚ್ಚಿದಾಗ ಒತ್ತಿ ಕೂರುವ ಅಂಚೇ ಸೀಟ್. ತಣ್ಣೀರಿಗೆ ರಬ್ಬರ್ ಸೀಟ್ ಇದ್ದರೆ ಸೋರಿಕೆ ಕಡಿಮೆ. ಬಾಯ್ಲರ್ ಫೀಡ್, ಸ್ಟೀಮ್ ಲೈನಿಗೆ ಉಕ್ಕಿನ ಬಾಡಿ, ಲೋಹದ ಸೀಟ್ ಬೇಕು. ಮಳೆಗಾಲದ ಕೆಂಪು ನೀರೆತ್ತುವ ಕಡೆ ಕೂತ ಮಣ್ಣು ಹೊರಬಿಡಲು ಬಾಡಿಯ ತಳದಲ್ಲಿ ಡ್ರೇನ್ ಪ್ಲಗ್ ಇರಲಿ.

ಪ್ರೆಷರ್ ರೇಟಿಂಗ್ ನೋಡುವಾಗ ಪಂಪಿನ ಹೆಡ್ ಒಂದನ್ನೇ ಹಿಡಿಯಬೇಡಿ, ಸರ್ಜ್ ಒತ್ತಡವನ್ನೂ ಕೂಡಿಸಿ. ಪಿಎನ್ 10 ಅಂದರೆ 10 ಬಾರ್, ಪಿಎನ್ 16 ಅಂದರೆ 16 ಬಾರ್. ನೀರಿನ ಲೈನಿನ ಸ್ವಿಂಗ್ ಟೈಪಿಗೆ ಐಎಸ್ 5312 ಅನ್ನುವ ಭಾರತೀಯ ಮಾನದಂಡವಿದೆ. ಆರ್ಡರ್‌ನಲ್ಲಿ ಅದನ್ನು ನಮೂದಿಸಿ.

ಕೂರಿಸುವ ಜಾಗ ಮೊದಲೇ ಅಳೆಯಿರಿ. ಪಂಪ್ ಅಥವಾ ಬೆಂಡ್ ಆದ ಮೇಲೆ ವ್ಯಾಸದ ಐದು ಪಟ್ಟು ನೇರ ಪೈಪ್ ಬಿಟ್ಟರೆ ಒಳ್ಳೆಯದು. 450 ಎಂಎಂಗೆ ಅದು 2.25 ಮೀಟರ್. ಅಡ್ಡ ಪೈಪಿನಲ್ಲಿ ಡ್ಯುಯಲ್ ಪ್ಲೇಟಿನ ಪಿನ್ ನೆಟ್ಟಗೆ ನಿಲ್ಲಬೇಕು. ಅದರ ತಟ್ಟೆಗಳು ತೆರೆದಾಗ ಬಾಡಿಯಿಂದ ಹೊರಗೆ, ಮುಂದಿನ ಪೈಪಿನೊಳಕ್ಕೆ ಚಾಚುತ್ತವೆ. ತಾಗಿಕೊಂಡೇ ಬಟರ್‌ಫ್ಲೈ ವಾಲ್ವ್ (ಪೈಪಿನೊಳಗೆ ತಿರುಗುವ ಡಿಸ್ಕ್ ಇರುವ ವಾಲ್ವ್) ಇದ್ದರೆ ಎರಡೂ ಡಿಸ್ಕ್ ಬಡಿದಾಡುತ್ತವೆ. ನಡುವೆ ಒಂದು ತುಂಡು ಪೈಪ್ ಹಾಕಿಸಿ. ಸ್ವಿಂಗ್ ಟೈಪಿಗೆ ಹೊರಗೆ ಲಿವರ್, ತೂಕ ಇದ್ದರೆ ಸುತ್ತ ಜಾಲರಿ ಕಟ್ಟಿಸಿ. ಪಂಪ್ ನಿಂತಾಗ ಅದು ಹತ್ತಿರ ನಿಂತವರಿಗೆ ಬಡಿಯಬಹುದು.

ಸಕ್ಕರೆ ಕಾರ್ಖಾನೆಯವರು ನುರಿಸುವ ಹಂಗಾಮು ಶುರುವಾಗುವ ತನಕ ಕಾಯಬಾರದು. ದೊಡ್ಡ ಸೈಜಿನ ವಾಲ್ವ್ ಅಂಗಡಿಯಲ್ಲಿ ರೆಡಿ ಸಿಗುವುದು ಕಡಿಮೆ. ಕಳಿಸುವ ಮುಂಚೆ ತಯಾರಕರಲ್ಲಿಗೇ ಹೋಗಿ ಬಾಡಿ ಟೆಸ್ಟ್ ನೋಡಿ. ಸಾಮಾನ್ಯವಾಗಿ ರೇಟಿಂಗಿನ ಒಂದೂವರೆ ಪಟ್ಟು ಒತ್ತಡ ಹಾಕುತ್ತಾರೆ. ಜೊತೆಗೆ, ಮುಚ್ಚಿದಾಗ ಸೋರುತ್ತದೆಯೇ ಎಂದು ನೋಡುವ ಸೀಟ್ ಟೆಸ್ಟನ್ನೂ ಕೇಳಿ. ಲೈನಿಗೆ ಕೂರಿಸಿದ ಮೇಲೆ ಮೊದಲು ಒಂದೇ ಪಂಪ್ ಓಡಿಸಿ ನಿಲ್ಲಿಸಿ, ಹೆಡರ್‌ನ ಪ್ರೆಷರ್ ಗೇಜ್ ಎಷ್ಟಕ್ಕೆ ಜಿಗಿಯಿತು ಬರೆದುಕೊಳ್ಳಿ. ಆಮೇಲೆ ಎಲ್ಲ ಪಂಪ್ ಓಡುವಾಗ ಒಂದನ್ನು ಮಾತ್ರ ನಿಲ್ಲಿಸಿ ನೋಡಿ. ಮುಳ್ಳು ಪೈಪಿನ ರೇಟಿಂಗ್ ಹತ್ತಿರ ಹೋದರೆ ಬಿಲ್ ಪಾಸ್ ಮಾಡುವ ಮುಂಚೆಯೇ ತಯಾರಕರನ್ನು ಸೈಟಿಗೆ ಕರೆಸಿ.