ಘಟ್ಟ ಹತ್ತಿ ಬಂದ ಉಪ್ಪು: ಔಟ್‌ಬೋರ್ಡ್ ಎಂಜಿನ್ ತೊಳೆದ ನನ್ನ ಅನುಭವ

ವಿರಾಜಪೇಟೆಯ ಬಳಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಕಾಫಿ ತೋಟಗಳ ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಇವೇ ನಮ್ಮ ದಿನನಿತ್ಯದ ಕೆಲಸ. ದೋಣಿಯ ಎಂಜಿನ್ ಬರುವುದು ಅಪರೂಪ. ಆದರೆ ಮಾಕುಟ್ಟ ಘಟ್ಟ ಇಳಿದರೆ ಕಣ್ಣೂರಿನ ಕಡಲು ದೂರವೇನಲ್ಲ. ನನ್ನ ಸ್ನೇಹಿತರೊಬ್ಬರು ಬೇಸಿಗೆಯಲ್ಲಿ ಅಲ್ಲಿನ ನೆಂಟರೊಡನೆ ಮೀನು ಹಿಡಿಯಲು ಹೋಗಿ, ಮಳೆಗಾಲಕ್ಕೆ ಮುಂಚೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ತಮ್ಮ ಹದಿನೈದು ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬರುತ್ತಾರೆ. ಅದರ ಉಪ್ಪು ತೊಳೆದು, ಮಳೆಗಾಲಕ್ಕೆ ಎತ್ತಿಡುವ ಕೆಲಸ ನನ್ನ ಪಾಲಿಗೆ ಬಂತು.

ಈ ಎಂಜಿನ್ನಿಗೆ ರೇಡಿಯೇಟರ್ ಇರುವುದಿಲ್ಲ. ಕೆಳಭಾಗದ ಕಿಂಡಿಗಳಿಂದ ಕಡಲ ನೀರನ್ನೇ ಹೀರಿ, ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ಮೂಲಕ ಸಿಲಿಂಡರಿನ ಸುತ್ತ ಹರಿಸಿ, ಮತ್ತೆ ಕಡಲಿಗೇ ಬಿಡುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎಂಜಿನ್ ನಿಲ್ಲಿಸಿದೊಡನೆ ನೀರಿನ ಬಹುಭಾಗ ಇಳಿದುಹೋಗುತ್ತದೆ; ಗೋಡೆಗೆ ಅಂಟಿದ ತೇವ ಮಾತ್ರ ಬಿಸಿಗೆ ಆರಿ, ಉಪ್ಪು ಒಳಗೇ ಉಳಿಯುತ್ತದೆ. ಕರಾವಳಿಯವರು ದಡಕ್ಕೆ ಬಂದ ಕೂಡಲೇ ಬಾವಿ ನೀರಿನಲ್ಲಿ ತೊಳೆದುಬಿಡುತ್ತಾರೆ, ಅದೇ ಸರಿ. ನಮ್ಮಲ್ಲಿಗೆ ಬರುವ ಎಂಜಿನ್ ಘಟ್ಟ ಹತ್ತುವಷ್ಟರಲ್ಲಿ ಒಳಗಿನ ಉಪ್ಪು ಗಟ್ಟಿಯಾಗಿರುತ್ತದೆ.

ಒಣಗಿದ ಉಪ್ಪು ಒಣಗಿಯೇ ಇದ್ದರೆ ಅಷ್ಟು ಭಯವಿಲ್ಲ. ಕೊಡಗಿನ ಮಳೆಗಾಲದಲ್ಲಿ ಅದು ಹಾಗೆ ಇರುವುದಿಲ್ಲ. ಗಾಳಿಯ ಆರ್ದ್ರತೆ ಶೇ. 75ರ ಆಚೀಚೆ ಮುಟ್ಟಿತೆಂದರೆ ಅಡುಗೆ ಉಪ್ಪು ತೇವ ಹೀರಿ ತಾನೇ ನೀರಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ, ಟಾರ್ಪಾಲು ಹೊದ್ದು ಕುಳಿತ ಎಂಜಿನ್ನಿನೊಳಗೆ ಆ ಉಪ್ಪುನೀರು ಅಲ್ಯೂಮಿನಿಯಂ ಅನ್ನು ನಾಲ್ಕು ತಿಂಗಳು ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಎಂಜಿನ್ ತೊಳೆಯುವವರು ಕರಾವಳಿಯವರಿಗಿಂತ ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ತೊಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನಿಂದ ಪೈಪು ಹಿಡಿದು ಹೊಳಪು ಬರಿಸುವುದು ಫೋಟೋಗೆ ಆದೀತು, ಅಷ್ಟೆ.

ತೊಳೆಯುವುದಕ್ಕೆ ಎರಡು ದಾರಿಗಳಿವೆ. ನೀರು ಹೀರುವ ಕಿಂಡಿಗಳನ್ನು ಎರಡೂ ಬದಿಯಿಂದ ಕಚ್ಚಿ ಕೂರುವ ರಬ್ಬರ್ ಬಟ್ಟಲುಗಳಿಗೆ ಹೋಸ್ ಪೈಪ್ ಜೋಡಿಸಿ ಎಂಜಿನ್ ಓಡಿಸುವುದು ಒಂದು. ಎಂಜಿನ್ನಿನ ಕೆಳಭಾಗವನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಓಡಿಸುವುದು ಇನ್ನೊಂದು. ನಮ್ಮ ತೊಟ್ಟಿಯ ನೀರಿಗೆ ಒತ್ತಡ ಕಡಿಮೆ. ರಬ್ಬರ್ ಬಟ್ಟಲು ಸ್ವಲ್ಪ ಜಾರಿದರೂ ಇಂಪೆಲ್ಲರ್ ನೀರಿಲ್ಲದೆ ತಿರುಗುತ್ತದೆ, ಹಾಗೆ ತಿರುಗಿದರೆ ಅದರ ರೆಕ್ಕೆ ಸುಡಲು ಒಂದು ನಿಮಿಷವೂ ಬೇಡ. ಹಾಗಾಗಿ ನಾನು ಡ್ರಮ್ಮನ್ನೇ ಆರಿಸಿಕೊಂಡೆ.

ಡ್ರಮ್ಮಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಮಾತು ಹೇಳಲೇಬೇಕು. ಪ್ರತಿ ತೋಟದಲ್ಲೂ 200 ಲೀಟರಿನ ಡ್ರಮ್ ಇರುತ್ತದೆ, ಮತ್ತು ಅದರಲ್ಲಿ ಹೆಚ್ಚಿನವು ಕಾಫಿಗೂ ಕರಿಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣ ಕಲಸಿದವು. ಗೋಡೆಗೆ ಅಂಟಿದ ಆ ನೀಲಿ ಪದರದಲ್ಲಿ ತಾಮ್ರವಿದೆ. ಅದು ನೀರಿನಲ್ಲಿ ಕರಗಿ ಅಲ್ಯೂಮಿನಿಯಂ ಮೇಲೆ ಕೂತರೆ ಅಲ್ಲಲ್ಲಿ ಗುಂಡಿ ಬೀಳುವಂತೆ ಲೋಹ ತಿನ್ನುತ್ತದೆ. ಉಪ್ಪಿನಿಂದ ಪಾರು ಮಾಡಲು ಹೊರಟು ಅದಕ್ಕಿಂತ ಕೆಟ್ಟದ್ದನ್ನು ಮೆತ್ತಿದಂತಾಗುತ್ತದೆ. ನಾನು ಹೊಸ ಡ್ರಮ್ಮನ್ನೇ ಇಟ್ಟು, ಬಾವಿಯ ತಿಳಿ ನೀರು ತುಂಬಿಸಿದೆ. ಮಳೆ ಶುರುವಾದ ಮೇಲಿನ ಹೊಳೆ ನೀರು ಬೇಡ, ಅದರ ಕೆಸರು ಇಂಪೆಲ್ಲರನ್ನು ಸವೆಸುತ್ತದೆ.

ಎರಡು ಗಟ್ಟಿ ಕಂಬಗಳಿಗೆ ಸಿಲ್ವರ್ ಓಕ್ ಹಲಗೆ ಬಿಗಿದು ಎಂಜಿನ್ನನ್ನು ಅದಕ್ಕೆ ಕಚ್ಚಿಸಿದೆ. ಪ್ರೊಪೆಲ್ಲರನ್ನು ಮೊದಲೇ ಬಿಚ್ಚಿಟ್ಟೆ. ಡ್ರಮ್ಮಿನೊಳಗೆ ಅದು ತಿರುಗುವುದು ಅಪಾಯ. ಬಿಚ್ಚಿದಾಗ ಅದರ ಹಿಂದೆ ಶಾಫ್ಟಿಗೆ ಗಾಳದ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಕೊಕ್ಕೆಯಿಂದ ಬಿಡಿಸದೆ ಬಿಟ್ಟರೆ ಆಯಿಲ್ ಸೀಲನ್ನು ಕೊಯ್ದು ಗೇರ್ ಪೆಟ್ಟಿಗೆಗೆ ನೀರು ಇಳಿಯುತ್ತದೆ. ಕಿಂಡಿಗಳೂ ಅವುಗಳ ಮೇಲಿನ ಅಡ್ಡ ತಟ್ಟೆಯೂ ಚೆನ್ನಾಗಿ ಮುಳುಗುವಷ್ಟು ನೀರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ, ನಿಧಾನ ವೇಗದಲ್ಲಿ ಎಂಜಿನ್ ಓಡಿಸಿದೆ.

ಹೊಗೆಯೂ ಎಣ್ಣೆಯೂ ಅದೇ ಡ್ರಮ್ಮಿನ ನೀರಿಗೆ ಬರುತ್ತವೆ, ಕರಗಿದ ಉಪ್ಪೂ ಅಲ್ಲಿಗೇ ಬರುತ್ತದೆ. ಅದೇ ನೀರನ್ನು ಎಂಜಿನ್ ಮತ್ತೆ ಹೀರಿದರೆ ತೊಳೆದ ಪ್ರಯೋಜನ ಅರ್ಧ. ಹೋಸ್ ಪೈಪನ್ನು ಡ್ರಮ್ಮಿನ ತಳಕ್ಕೆ ಇಳಿಸಿ ಹೊಸ ನೀರು ಬಿಡುತ್ತಲೇ ಇದ್ದೆ. ಮೇಲಿನ ಎಣ್ಣೆ ಕಟ್ಟಿದ ನೀರು ಅಂಚಿನಿಂದ ಹೊರಚೆಲ್ಲಿ, ತೋಡಿಗೂ ಕಾಫಿ ಗಿಡಗಳ ಬುಡಕ್ಕೂ ಹೋಗದಂತೆ ತೋಡಿದ ಗುಂಡಿಗೆ ಬೀಳುತ್ತಿತ್ತು.

ಬದಿಯ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಎಳೆಯೇ ಇಲ್ಲಿ ನಾಡಿ. ಅದು ದಪ್ಪವಾಗಿ ಬರಬೇಕು. ಇದರಲ್ಲಿ ದಾರದಷ್ಟೇ ಬರುತ್ತಿತ್ತು. ಎಂಜಿನ್ ನಿಲ್ಲಿಸಿ, ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರದ ತುಂಡೊಂದನ್ನು ಆ ತೂತಿಗೆ ತೂರಿಸಿ ಆಡಿಸಿದಾಗ ಬಿಳಿ ಹರಳುಗಳು ಉದುರಿದವು. ತಂತಿ ಬಳಸಿದರೆ ಗೀರು ಬೀಳುತ್ತದೆ, ನೈಲಾನಿಗೆ ಆ ಗುಣವಿಲ್ಲ.

ಎಳೆ ದಪ್ಪವಾಯಿತೆಂದು ಅಲ್ಲಿಗೇ ನಿಲ್ಲಿಸುವವರು ಬಹಳ. ಆದರೆ ಬಿಸಿಯಾದಾಗ ಮಾತ್ರ ನೀರಿಗೆ ದಾರಿ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುವವರೆಗೆ ನೀರು ಸಿಲಿಂಡರ್ ಹೆಡ್ಡಿನ ದಾರಿಗಳಲ್ಲಿ ಸರಿಯಾಗಿ ಹರಿಯುವುದೇ ಇಲ್ಲ, ಮತ್ತು ಹೆಚ್ಚು ಉಪ್ಪು ಕೂರುವುದು ಬಿಸಿ ಜಾಸ್ತಿ ಇರುವ ಆ ಜಾಗದಲ್ಲೇ. ಇಂಥ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬಾಯಿ ಬಿಡುತ್ತದೆ. ನಮ್ಮ ತಣ್ಣನೆಯ ಬಾವಿ ನೀರು ನಿರಂತರ ಬೀಳುತ್ತಿರುವಾಗ ಎಂಜಿನ್ ಆ ಬಿಸಿಗೆ ಬರಲು ಹೊತ್ತು ಹಿಡಿಯುತ್ತದೆ. ಹೆಡ್ ಕೈಗೆ ಚೆನ್ನಾಗಿ ಬಿಸಿ ತಾಗುವವರೆಗೆ ಪೈಪಿನ ನೀರು ತಗ್ಗಿಸಿ, ಆಮೇಲೆ ಕಾಲು ಗಂಟೆ ಓಡಿಸಿದೆ.

ತಣಿದ ಮೇಲೆ ಥರ್ಮೋಸ್ಟಾಟಿನ ಮುಚ್ಚಳವನ್ನೂ ಬಿಚ್ಚಿದೆ. ಅಲ್ಯೂಮಿನಿಯಂನಲ್ಲಿ ಕೂತ ಸ್ಟೀಲ್ ಬೋಲ್ಟುಗಳಿಗೆ ಉಪ್ಪು ಹಿಡಿದಿದ್ದರೆ ತಿರುಚಿದ ಕೂಡಲೇ ಮುರಿಯುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಸ್ವಲ್ಪ ಬಿಸಿ ಕೊಟ್ಟು, ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿದೆ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರಿನೊಡನೆ ಇಳಿಬಿಟ್ಟು ಒಲೆಯ ಮೇಲಿಟ್ಟಾಗ, ಅದರ ತಟ್ಟೆ ಒಂದು ಬದಿಯಲ್ಲಿ ಮಾತ್ರ ಎದ್ದು ಇನ್ನೊಂದು ಬದಿಯಲ್ಲಿ ಕಚ್ಚಿಕೊಂಡೇ ಇತ್ತು. ಅಲ್ಲಿದ್ದ ಬೂದು ಪದರ ಬರೀ ನೀರಿಗೆ ಕರಗಲಿಲ್ಲ. ಅಡುಗೆ ಉಪ್ಪಾದರೆ ನೀರಿಗೆ ಕರಗುತ್ತದೆ, ಸುಣ್ಣದ ಅಂಶಕ್ಕೆ ಹುಳಿ ಬೇಕು. ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬೇಗ ತೊಳೆದೆ, ಏಕೆಂದರೆ ಹುಳಿ ಹೆಚ್ಚು ಹೊತ್ತು ನಿಂತರೆ ಲೋಹಕ್ಕೂ ಕೈ ಹಾಕುತ್ತದೆ. ಕಾಚಂಪುಳಿ ಹಾಕಿ ನೋಡಬಾರದೇ ಎಂದು ಪಕ್ಕದ ಅಂಗಡಿಯವರು ಕೇಳಿದರು. ಅದು ಹಂದಿಮಾಂಸಕ್ಕೆ ಇರಲಿ; ಕಾಸಿ ಗಟ್ಟಿ ಮಾಡಿದ ಹಣ್ಣಿನ ರಸ ಎಂಜಿನ್ನಿನ ಸಣ್ಣ ದಾರಿಗಳಲ್ಲಿ ಅಂಟಿ ಕೂತೀತು. ಥರ್ಮೋಸ್ಟಾಟ್ ಸರಿಯಾಗಿ ತೆರೆಯತೊಡಗಿದ ಮೇಲೆ, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳಿಗೆ ಗ್ರೀಸ್ ಸವರಿ ಕೂರಿಸಿ, ಇನ್ನೊಮ್ಮೆ ಡ್ರಮ್ಮಿನಲ್ಲಿ ಓಡಿಸಿದೆ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದೂ ತೇವ ಹೀರುವಂಥದ್ದೇ. ಹಾಗಾಗಿ ಪೆಟ್ರೋಲನ್ನು ಕಾರ್ಬುರೇಟರಿನಲ್ಲೇ ಬಿಟ್ಟು ಎತ್ತಿಡುವಂತಿಲ್ಲ. ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ನಿಲ್ಲಿಸುವ ರೂಢಿಯಿದೆಯಾದರೂ, ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನೊಡನೆಯೇ ಸಿಗುವುದರಿಂದ ಕೊನೆಗಳಿಗೆಯಲ್ಲಿ ಅದನ್ನು ಒಣಗಿಸಿ ಓಡಿಸುವುದು ನನಗೆ ಇಷ್ಟವಿಲ್ಲ. ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ ಬಸಿದುಬಿಟ್ಟೆ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಸ್ವಲ್ಪ ಟೂ ಸ್ಟ್ರೋಕ್ ಎಣ್ಣೆ (2T ಆಯಿಲ್) ಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗವನ್ನು ಕೈಯಿಂದ ಮೆಲ್ಲಗೆ ಎಳೆದೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಅರ್ಥ; ಇದರಲ್ಲಿ ಆಗಿರಲಿಲ್ಲ, ಆದರೂ ಹೊಸದು ತುಂಬಿದೆ.

ಎಂಜಿನ್ನನ್ನು ನೆಟ್ಟಗೆ ಸ್ಟ್ಯಾಂಡಿಗೆ ಹಾಕಿದ್ದೇನೆ, ಒಳಗಿನ ನೀರು ಪೂರ್ತಿ ಇಳಿಯಬೇಕಾದರೆ ಅದೇ ದಾರಿ. ಸಾಗಿಸುವಾಗಲೂ ಕೆಳಭಾಗ ತಲೆಗಿಂತ ಮೇಲಾಗಬಾರದು. ಹಾಗೆ ಮೇಲಾದರೆ ಉಳಿದ ನೀರು ಎಗ್ಸಾಸ್ಟ್ ದಾರಿಯಲ್ಲಿ ಸಿಲಿಂಡರಿಗೆ ನುಗ್ಗುತ್ತದೆ. ಟಾರ್ಪಾಲು ಬಿಗಿಯಾಗಿ ಸುತ್ತಿಲ್ಲ, ಗಾಳಿಯಾಡಲು ಕೆಳಗೆ ಜಾಗ ಬಿಟ್ಟಿದ್ದೇನೆ. ಸ್ನೇಹಿತರು ಇದನ್ನೇ ಕೆಲವೊಮ್ಮೆ ಸಿಹಿ ನೀರಿಗೂ ಇಳಿಸುವುದರಿಂದ, ಸವೆದುಹೋಗಿದ್ದ ಸತುವಿನ ಆನೋಡಿನ (ಎಂಜಿನ್ನಿನ ಬದಲು ತಾನು ಸವೆಯಲೆಂದು ಕೂರಿಸುವ ಲೋಹದ ತುಂಡು) ಬದಲು ಎರಡೂ ಬಗೆಯ ನೀರಿಗೆ ಒಗ್ಗುವ ಅಲ್ಯೂಮಿನಿಯಂ ಆನೋಡ್ ತರಿಸಿ ಹಾಕಿದೆ. ಅದರ ಮೇಲೆ ಬಣ್ಣ ಮಾತ್ರ ಬಳಿಯಬಾರದೆಂದು ಅವರಿಗೆ ಹೇಳಿದ್ದೇನೆ. ಬಣ್ಣ ಬಳಿದ ಆನೋಡ್ ಸವೆಯುವುದಿಲ್ಲ, ಅದರ ಬದಲು ಎಂಜಿನ್ ಸವೆಯುತ್ತದೆ.