ಬಿಸಿಲೂರಿನ ಪಾರ್ಲರಿನಲ್ಲಿ ಸುಕ್ಕು, ಬಂಗು ಇಳಿಸಿದ್ದು: ನನ್ನ ಅನುಭವ

ಬಳ್ಳಾರಿಯಲ್ಲಿ ಪಾರ್ಲರ್ ನಡೆಸಲು ಆರಂಭಿಸಿ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳಾದವು. ಮೊದಲ ಹನ್ನೆರಡು-ಹದಿಮೂರು ವರ್ಷ ನಾನೂ ಎಲ್ಲರಂತೆ ಬ್ಲೀಚ್, ಗೋಲ್ಡ್ ಫೇಶಿಯಲ್, ಗ್ಯಾಲ್ವನಿಕ್ ಯಂತ್ರ ಇವುಗಳ ಮೇಲೆಯೇ ಅಂಗಡಿ ನಡೆಸಿದೆ. ಈಚಿನ ಆರೇಳು ವರ್ಷಗಳಿಂದ, ನಲವತ್ತು ದಾಟಿದ ಗ್ರಾಹಕರಿಗೆ ಅವನ್ನೆಲ್ಲ ಬಹುತೇಕ ನಿಲ್ಲಿಸಿ, ಹಗಲು ಸನ್‌ಸ್ಕ್ರೀನ್, ರಾತ್ರಿ ಚರ್ಮವೈದ್ಯರು ಬರೆದುಕೊಟ್ಟ ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಮುಲಾಮು), ಜೊತೆಗೆ ಒಂದು ಸಾದಾ ಮಾಯಿಶ್ಚರೈಸರ್, ಇಷ್ಟರಿಂದಲೇ ಕೆಲಸ ಮಾಡುತ್ತಿದ್ದೇನೆ. ಇದನ್ನು ಶುರು ಮಾಡಿದಾಗ ನಮ್ಮದೇ ಬೀದಿಯ ಇನ್ನೊಬ್ಬ ಪಾರ್ಲರಿನವರು, ‘ಟ್ಯೂಬ್ ಹಚ್ಕೊಳ್ಳಾಕ ನಿಮ್ಮತ್ರ ಯಾಕ ಬರ್ತಾರಕ್ಕಾ, ಮೆಡಿಕಲ್ ಶಾಪಿಗೆ ಹೋಗ್ತಾರ’ ಎಂದು ನಕ್ಕಿದ್ದರು. ಈಗ ಅವರ ನಾದಿನಿಯೇ ನನ್ನಲ್ಲಿಗೆ ಬರುತ್ತಿದ್ದಾರೆ. ಕೈಯಲ್ಲಿ ಮೊದಲಿನ ಮತ್ತು ನಂತರದ ಫೋಟೋಗಳು ಸಾಕಷ್ಟು ಇರುವುದರಿಂದ, ವೃತ್ತಿಬಾಂಧವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಚರ್ಮಕ್ಕೆ ಶಾಖ ಕೊಟ್ಟು ಬಿಗಿಗೊಳಿಸುತ್ತದೆ ಎಂದು ಮಾರಾಟಗಾರರು ಹೇಳಿದ ರೇಡಿಯೋ ಫ್ರೀಕ್ವೆನ್ಸಿ ಯಂತ್ರವೊಂದನ್ನು ಸೊಸೈಟಿಯಲ್ಲಿ ಸಾಲ ತೆಗೆದು ತಂದೆ. ಒಂದೂವರೆ ಲಕ್ಷದ ಆಸುಪಾಸು ಬಿದ್ದಿತ್ತು. ಒಂದು ಸಿಟ್ಟಿಂಗಿಗೆ ಎರಡು ಸಾವಿರ ಪಡೆಯುತ್ತಿದ್ದೆ. ಮಾಡಿದ ದಿನ ಮುಖ ತುಂಬಿಕೊಂಡು ಹೊಳೆಯುತ್ತಿತ್ತು, ಗ್ರಾಹಕರೂ ಖುಷಿಯಾಗಿ ಹೋಗುತ್ತಿದ್ದರು. ಶಾಖಕ್ಕೆ ಬಂದ ಊತ ಎರಡು ಮೂರು ದಿನಗಳಲ್ಲಿ ಇಳಿದರೆ ಕನ್ನಡಿಯಲ್ಲಿ ಹಳೆಯ ಮುಖವೇ ಕಾಣುತ್ತಿತ್ತು. ವೈದ್ಯರ ಬಳಿ ಇರುವ ದೊಡ್ಡ ಯಂತ್ರಗಳ ಮಾತು ಬೇರೆ ಇರಬಹುದು; ಪಾರ್ಲರಿಗೆಂದು ಮಾರುವ ಆ ಸಣ್ಣ ಯಂತ್ರದಿಂದ ಬಡ್ಡಿಯೂ ಹುಟ್ಟಲಿಲ್ಲ. ಕೊನೆಗೆ ನಲವತ್ತು ಸಾವಿರದ ಸುಮಾರಿಗೆ ಮಾರಿದೆ. ಗೋಲ್ಡ್ ಫೇಶಿಯಲ್ಲಿನ ಕಥೆಯೂ ಇದಕ್ಕಿಂತ ಬೇರೆಯಲ್ಲ, ಆದರೆ ಅದರಲ್ಲಿ ಲಾಭ ನಮಗೆ ಬರುತ್ತದೆ, ಅಷ್ಟೇ.

ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಸ್ಕೂಟರಿನಲ್ಲಿ ಓಡಾಡುವ ಶಿಕ್ಷಕಿಯರು, ಬ್ಯಾಂಕಿನವರು ಮತ್ತು ಅಂಗಡಿ ನೋಡಿಕೊಳ್ಳುವ ಹೆಂಗಸರು. ದುಪಟ್ಟಾ ಕಟ್ಟಿಕೊಂಡರೂ ಹಣೆ ಮತ್ತು ಕೆನ್ನೆಯ ಮೇಲ್ಭಾಗ ತೆರೆದೇ ಇರುತ್ತವೆ; ಬಂಗು ಬರುವುದೂ, ಕಣ್ಣಿನ ಅಂಚಿನ ಗೆರೆ ಮೊದಲು ಕಾಣುವುದೂ ಅಲ್ಲಿಯೇ. ಬಿಸಿಲು ಮುಖವನ್ನು ಮುದಿಯಾಗಿಸುತ್ತದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಟ್ರಕ್ ಚಾಲಕನೊಬ್ಬನ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದ ಆತನ ಮುಖದ ಎಡಭಾಗ, ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿಗೆ, ಬಲಭಾಗಕ್ಕಿಂತ ಎಷ್ಟೋ ವರ್ಷ ಹಳೆಯದೆನ್ನುವಂತೆ ಸುಕ್ಕಾಗಿದೆ. ಗಾಜು ಬಿಸಿಲಿನ ನೇರಳಾತೀತ (ಯುವಿ) ಕಿರಣಗಳಲ್ಲಿ ಬಿ ಕಿರಣವನ್ನು ತಡೆದರೂ ಎ ಕಿರಣವನ್ನು ಒಳಗೆ ಬಿಡುತ್ತದೆ. ಆ ಫೋಟೋ ತೋರಿಸಿ, ನಮ್ಮಲ್ಲಿ ಚಾಲಕರು ಬಲಗಡೆ ಕೂರುತ್ತಾರಾದ್ದರಿಂದ ಬಸ್ ಚಾಲಕರ ಬಲಗೆನ್ನೆ ನೋಡಿ ಬನ್ನಿ ಎನ್ನುತ್ತೇನೆ. ನೋಡಿ ಬಂದವರು ಮರು ಮಾತಾಡದೆ ಸನ್‌ಸ್ಕ್ರೀನ್ ಕೊಳ್ಳುತ್ತಾರೆ.

ಆದರೆ ಕೊಳ್ಳುವುದು ಬೇರೆ, ಹಚ್ಚುವುದು ಬೇರೆ. ಒಂದು ಟ್ಯೂಬು ಆರು ತಿಂಗಳು ಬಂತು ಎಂದು ಹೆಮ್ಮೆಯಿಂದ ಹೇಳುವವರ ಮುಖದಲ್ಲಿ ಬದಲಾವಣೆ ಕಾಣದಿದ್ದಾಗ, ಬಂಗಾರದ ಅಂಗಡಿಯವರು ಬಳಸುವಂಥ ಪುಟ್ಟ ತಕ್ಕಡಿಯೊಂದನ್ನು ಐನೂರು ಆರುನೂರು ಕೊಟ್ಟು ತಂದೆ. ಗ್ರಾಹಕರು ದಿನವೂ ಎಷ್ಟು ಹಚ್ಚುತ್ತಾರೋ ಅಷ್ಟನ್ನು ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಂಡಿಸಿ ತೂಗಿದರೆ ಬಹುತೇಕರದು ಕಾಲು ಗ್ರಾಂ, ಹೆಚ್ಚೆಂದರೆ ಮೂರನೇ ಒಂದು ಗ್ರಾಂ ಬರುತ್ತಿತ್ತು. ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಟ್ಯೂಬಿನ ಮೇಲೆ ಬರೆದ ಎಸ್‌ಪಿಎಫ್ ಸಂಖ್ಯೆಯನ್ನು ಪರೀಕ್ಷಿಸುವುದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಲೆಕ್ಕದಲ್ಲಿ. ಅಂದರೆ ಮುಖಕ್ಕೇ ಒಂದು ಗ್ರಾಮಿಗಿಂತ ಕಡಿಮೆ ಆಗದು, ಕತ್ತು ಸೇರಿದರೆ ಇನ್ನೂ ಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಗೆರೆ ಎಳೆದಷ್ಟು ಎಂಬ ಅಳತೆ ನಿಮಗೆಲ್ಲ ಗೊತ್ತಿರುವುದೇ. ಆದರೆ ತಕ್ಕಡಿಯಲ್ಲಿ ತಮ್ಮದೇ ಕಾಲು ಗ್ರಾಂ ನೋಡಿದವರಿಗೆ ತಟ್ಟಿದಂತೆ ನಮ್ಮ ಮಾತು ತಟ್ಟುವುದಿಲ್ಲ. ಅಷ್ಟನ್ನೂ ಒಂದೇ ಸಲ ಹಚ್ಚಿದರೆ ಜಾರುತ್ತದೆ. ಅರ್ಧ ಹಚ್ಚಿ, ಸೀರೆ ಉಟ್ಟು ಬಂದು, ಉಳಿದರ್ಧ ಹಚ್ಚಿ ಎನ್ನುತ್ತೇನೆ. ಮಧ್ಯಾಹ್ನ ಬೆವರನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆದು ಇನ್ನೊಮ್ಮೆ ಹಚ್ಚಬೇಕು, ಒರೆಸಬಾರದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 900ಕ್ಕೂ ಸ್ವಲ್ಪ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದಲ್ಲಿ ನಾಲ್ಕೂವರೆ ವರ್ಷದ ಕೊನೆಗೂ ಮುಪ್ಪು ಹೆಚ್ಚಿದ್ದು ಕಂಡುಬರಲಿಲ್ಲ. ಬಿಳಿಯರ ಚರ್ಮದ ಲೆಕ್ಕ ನಮಗೇಕೆ ಎಂದು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಬಣ್ಣದ ಚರ್ಮದಲ್ಲಿ ಗೆರೆ ತಡವಾಗಿ ಬರುತ್ತದೆ, ಬಂಗು ಮತ್ತು ಕಲೆ ಬೇಗ ಬರುತ್ತವೆ. ಅದರಲ್ಲೂ ಬಂಗು ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಸೇರಿಸಿದ ಬಣ್ಣದ ಸನ್‌ಸ್ಕ್ರೀನೇ ಬೇಕು. ನಮ್ಮ ಸಂಡೂರಿನ ಗುಡ್ಡಗಳಿಗೆ ಕೆಂಪು ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಹಾಗೆಂದು ಗಣಿ ಮಣ್ಣು ಬಳಿದುಕೊಳ್ಳಬೇಡಿ, ಸೌಂದರ್ಯವರ್ಧಕಕ್ಕೆ ಬಳಸುವುದು ಶುದ್ಧಗೊಳಿಸಿದ್ದು. ಮಾರುಕಟ್ಟೆಯಲ್ಲಿ ಸಿಗುವ ಬಣ್ಣದ ಸನ್‌ಸ್ಕ್ರೀನುಗಳು ನಮ್ಮ ಕಡೆಯವರ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣಕ್ಕೆ ಹೊಂದದೆ ಬೂದಿ ಬಳಿದಂತೆ ಕಾಣುತ್ತವೆ. ಸನ್‌ಸ್ಕ್ರೀನ್ ಆರಿದ ಮೇಲೆ ಅದರ ಮೇಲೆ ಒತ್ತುವ ಪುಡಿಯಿಂದ ನಾನು ಇದನ್ನು ಸರಿಪಡಿಸುತ್ತೇನೆ. ಯಾವ ಮೂರು ಶೇಡುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನನ್ನ ಅಂಗಡಿ ನಡೆಯುತ್ತಿರುವುದರಲ್ಲಿ ಅದರ ಪಾಲೂ ಇದೆ.

ಇನ್ನು ರಾತ್ರಿಯ ಟ್ಯೂಬು. ಟ್ರೆಟಿನಾಯಿನ್ ವೈದ್ಯರ ಚೀಟಿಯ ಔಷಧ, ನಾನು ಮಾರುವುದಿಲ್ಲ. ನಮ್ಮೂರಿನ ಚರ್ಮವೈದ್ಯರೊಬ್ಬರ ಬಳಿಗೆ ಕಳಿಸುತ್ತೇನೆ, ಅವರು ನೋಡಿ ಬರೆಯುತ್ತಾರೆ, ಹಚ್ಚುವ ಕ್ರಮವನ್ನು ನಾನು ಕಲಿಸುತ್ತೇನೆ. ಬಿಸಿಲಿಗೆ ಕೆಟ್ಟ ಚರ್ಮಕ್ಕೆ ಇದು ಒದಗುತ್ತದೆ ಎಂದು ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲೇ ತೋರಿಸಿದ್ದರೂ ನಮ್ಮ ಊರುಗಳಲ್ಲಿ ಇದಿನ್ನೂ ಮೊಡವೆ ಮುಲಾಮು. ಹಚ್ಚಿದವರಲ್ಲಿ ಅರ್ಧಕ್ಕರ್ಧ ಜನ ಮೊದಲ ತಿಂಗಳಲ್ಲೇ ಬಿಟ್ಟುಬಿಡುತ್ತಿದ್ದರು, ಏಕೆಂದರೆ ಮುಖ ಕೆಂಪಾಗಿ, ಮೂಗಿನ ಪಕ್ಕ ಮತ್ತು ಬಾಯಿಯ ಅಂಚಿನಲ್ಲಿ ಸಿಪ್ಪೆ ಏಳುತ್ತದೆ. ಇದಕ್ಕೆ ನನಗೆ ಒದಗಿದ ಕ್ರಮ ಹೀಗಿದೆ: ಮುಖ ತೊಳೆದು ಪೂರ್ತಿ ಒಣಗಲು ಬಿಡಬೇಕು, ಕಣ್ಣಿನ ಮೂಲೆ, ಮೂಗಿನ ಮಡಿಕೆ, ತುಟಿಯ ಅಂಚಿಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು, ಒಂದು ಪದರ ಮಾಯಿಶ್ಚರೈಸರ್ ಹಚ್ಚಬೇಕು, ಆಮೇಲೆ ಬಟಾಣಿ ಕಾಳಿನಷ್ಟೇ ಟ್ರೆಟಿನಾಯಿನನ್ನು ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆಯಿಟ್ಟು ಹರಡಬೇಕು, ಮತ್ತೆ ಮಾಯಿಶ್ಚರೈಸರ್. ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ, ಎರಡನೆಯ ತಿಂಗಳು ಮೂರು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹೊಸಬರಿಗೆ ಆರಂಭಿಸುವುದೇ ಇಲ್ಲ. ಮಳೆಗಾಲ ಹಿಡಿದ ಮೇಲೆ ಶುರು ಮಾಡಿದವರು ಬಿಡದೆ ಮುಂದುವರಿಸುವುದನ್ನು ಕಂಡಿದ್ದೇನೆ. ಬೇಗ ಆಗಲೆಂದು ಶೇಕಡಾ 0.1ರ ಟ್ಯೂಬು ಕೇಳುವವರಿರುತ್ತಾರೆ. ಶೇಕಡಾ 0.025 ಮತ್ತು 0.1 ಎರಡೂ ವರ್ಷದ ಹೊತ್ತಿಗೆ ಒಂದೇ ಮಟ್ಟದ ಫಲ ಕೊಟ್ಟು, ಉರಿ ಮಾತ್ರ ಹೆಚ್ಚಿನದರಲ್ಲಿ ಹೆಚ್ಚು ಎಂದು 1995ರಲ್ಲೇ ತೋರಿಸಿದ್ದಾರೆ. ನಮ್ಮ ವೈದ್ಯರೂ ಕಡಿಮೆಯದನ್ನೇ ಬರೆಯುತ್ತಾರೆ.

ಪಾರ್ಲರಿನವರು ಮುಖ್ಯವಾಗಿ ಗಮನಿಸಬೇಕಾದದ್ದು ವ್ಯಾಕ್ಸ್. ಟ್ರೆಟಿನಾಯಿನ್ ಹಚ್ಚುತ್ತಿರುವ ಚರ್ಮಕ್ಕೆ ವ್ಯಾಕ್ಸ್ ಹಾಕಿ ಎಳೆದರೆ ಕೂದಲಿನ ಜೊತೆ ಮೇಲ್ಪದರವೂ ಬರುತ್ತದೆ. ನನ್ನಲ್ಲಿಗೆ ಬರುವವರೊಬ್ಬರು ಬೇರೆ ಊರಿನಲ್ಲಿ ಮದುವೆಗೆ ಹೋದಾಗ ಅಲ್ಲಿಯೇ ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿಕೊಂಡರು. ಮಾಡಿದ ಹುಡುಗಿ ಏನು ಹಚ್ಚುತ್ತಿದ್ದೀರಿ ಎಂದು ಕೇಳಲೂ ಇಲ್ಲ. ಒದ್ದೆಯಾದ ಗುಲಾಬಿ ಬಣ್ಣದ ಪಟ್ಟಿ ಮರುದಿನ ಕಂದಾಗಿ, ಆಮೇಲೆ ಮೀಸೆಯಂಥ ಕಪ್ಪು ಗುರುತಾಗಿ ನಾಲ್ಕೈದು ತಿಂಗಳು ಉಳಿಯಿತು. ಅಂದಿನಿಂದ ನನ್ನ ಗ್ರಾಹಕರ ಕಾರ್ಡಿನ ಮೇಲೆ ‘ಮುಖಕ್ಕೆ ವ್ಯಾಕ್ಸ್ ಮತ್ತು ಬ್ಲೀಚ್ ಬೇಡ’ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಥ್ರೆಡಿಂಗಿಗೂ ಒಂದು ವಾರ ಮೊದಲೇ ಟ್ಯೂಬು ನಿಲ್ಲಿಸಲು ಹೇಳುತ್ತೇನೆ. ಕಡಲೆಹಿಟ್ಟು ಉಜ್ಜುವುದು, ನಿಂಬೆರಸ ಹಚ್ಚುವುದು ಎರಡೂ ಬಂದ್. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಬೀಳುತ್ತದೆ. ಶುಕ್ರವಾರದ ಅರಿಶಿನ ಬಿಡಲೊಲ್ಲದ ಹಿರಿಯರಿಗೆ ಗುರುವಾರ ರಾತ್ರಿ ಟ್ಯೂಬು ಬೇಡವೆಂದು ಹೇಳಿದರೆ ಸಾಕು, ಜಗಳವಿಲ್ಲ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ವಿಟಮಿನ್ ಸಿ ಸೀರಮ್ಮಿನ ಪುಟ್ಟ ಬಾಟಲಿಗೆ ಆರೇಳು ನೂರು ಕೊಡುವುದೇಕೆ ಎಂದು ಆಸ್ಕಾರ್ಬಿಕ್ ಆಮ್ಲದ ಪುಡಿ ತಂದು, ಬಟ್ಟಿ ಇಳಿಸಿದ ನೀರಿನಲ್ಲಿ ಶೇಕಡಾ 15ರಷ್ಟು ಕರಗಿಸಿದೆ. ಖರ್ಚು ಹತ್ತಿಪ್ಪತ್ತು ರೂಪಾಯಿ. ಮೊದಲ ದಿನ ನೀರಿನಂತೆ ತಿಳಿಯಾಗಿದ್ದದ್ದು ವಾರದೊಳಗೆ ಚಹಾದ ಬಣ್ಣಕ್ಕೆ ತಿರುಗಿತು, ಹಚ್ಚಿದರೆ ಉರಿ ಬೇರೆ. ಫ್ರಿಜ್ಜಿನಲ್ಲಿಟ್ಟರೂ ಬೇಸಿಗೆಯ ಕರೆಂಟಿನ ಆಟಕ್ಕೆ ತಡೆಯಲಿಲ್ಲ. ಈಗ ನವೆಂಬರಿನಿಂದ ಜನವರಿಯವರೆಗೆ ಮಾತ್ರ, ಒಂದು ವಾರಕ್ಕಾಗುವಷ್ಟೇ ಮಾಡಿಕೊಂಡು, ನನ್ನ ಮುಖಕ್ಕಷ್ಟೇ ಬಳಸುತ್ತೇನೆ. ಇನ್ನೊಂದು ಪ್ರಯೋಗ ಲಾಭ ತಂದಿತು. ನನ್ನ ಎಡಗೈಯ ಹಿಂಭಾಗಕ್ಕೆ ಮಾತ್ರ ಹಗಲು ಸನ್‌ಸ್ಕ್ರೀನ್, ರಾತ್ರಿ ಟ್ರೆಟಿನಾಯಿನ್ ಹಚ್ಚುತ್ತಾ, ಬಲಗೈಯನ್ನು ಹಾಗೆಯೇ ಬಿಟ್ಟೆ. ವರ್ಷ ದಾಟುವ ಹೊತ್ತಿಗೆ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟರೆ ಮಕ್ಕಳೂ ವ್ಯತ್ಯಾಸ ಹೇಳುವಂತಾಯಿತು: ಬಲಗೈಯಲ್ಲಿ ಕಂದು ಚುಕ್ಕೆ, ಕಾಗದದಂತೆ ಮಡಿಚುವ ಚರ್ಮ, ಎಡಗೈ ನುಣುಪು. ಇಂದಿಗೂ ಹೊಸ ಗ್ರಾಹಕರ ಮುಂದೆ ಮೊದಲು ಚಾಚುವುದು ಈ ಎರಡು ಕೈಗಳನ್ನೇ.

ಫೋಟೋ ವಿಷಯದಲ್ಲಿ ಒಂದು ಮಾತು. ಎದುರಿನಿಂದ ಬೆಳಕು ಬಿಟ್ಟು ತೆಗೆದ ಫೋಟೋದಲ್ಲಿ ಸುಕ್ಕು ಕಾಣುವುದೇ ಇಲ್ಲ. ಕಿಟಕಿ ಮುಚ್ಚಿ, ಕಪ್ಪು ಬಟ್ಟೆಯ ಮುಂದೆ ಕೂರಿಸಿ, ಒಂದೇ ಬದಿಯಿಂದ ಒಂದೇ ಎತ್ತರದಲ್ಲಿ ದೀಪ ಇಟ್ಟು ತೆಗೆಯುತ್ತೇನೆ. ನೆಲದ ಮೇಲೆ ಕುರ್ಚಿಯ ಕಾಲಿಗೆ ಟೇಪು ಅಂಟಿಸಿ ಗುರುತು ಮಾಡಿದ್ದೇನೆ. ಗೆರೆ ಸಣ್ಣದಾಗುವುದು ಕಾಣಲು ಐದಾರು ತಿಂಗಳು ಬೇಕು. ಅಲ್ಲಿಯವರೆಗೆ ಗ್ರಾಹಕರನ್ನು ಹಿಡಿದಿಡುವುದು ಈ ಫೋಟೋ ಮತ್ತು ಮಾಸುತ್ತಿರುವ ಬಂಗು. ಕೆನ್ನೆ ಜೋಲುವುದು, ಮೂಗಿನ ಬದಿಯಿಂದ ಬಾಯಿಯವರೆಗೆ ಇಳಿದ ಆಳದ ಗೆರೆ ಇವು ಯಾವ ಮುಲಾಮಿಗೂ ಜಗ್ಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ.

ಲೆಕ್ಕಕ್ಕೆ ಬಂದರೆ, ಹೇಳಿದಷ್ಟು ಹಚ್ಚುವವರಿಗೆ 50 ಗ್ರಾಮಿನ ಸನ್‌ಸ್ಕ್ರೀನ್ ತಿಂಗಳಿಗೆ ಕಡಿಮೆಯೆಂದರೂ ಒಂದು ಬೇಕು, ಒಂದಕ್ಕೆ ನಾಲ್ಕೈದು ನೂರು. ಟ್ರೆಟಿನಾಯಿನ್ ಟ್ಯೂಬು ಇನ್ನೂರರ ಒಳಗೆ, ಎರಡು ಮೂರು ತಿಂಗಳು ಬರುತ್ತದೆ. ಮಾಯಿಶ್ಚರೈಸರ್, ವೈದ್ಯರ ಫೀಸು ಸೇರಿ ವರ್ಷಕ್ಕೆ ಒಂಬತ್ತು ಹತ್ತು ಸಾವಿರ. ತಿಂಗಳಿಗೊಂದು ಫೇಶಿಯಲ್ಲಿಗೆ ಇದೇ ಜನ ಹದಿನೆಂಟು ಸಾವಿರದಷ್ಟು ಕೊಡುತ್ತಿದ್ದರು. ಹೀಗಾಗಿ ಮೊದಲ ವರ್ಷ ನನ್ನ ಆದಾಯ ಮೂರನೇ ಒಂದರಷ್ಟು ಇಳಿಯಿತು, ಮನೆಯಲ್ಲಿ ಮಾತು ಕೇಳಬೇಕಾಯಿತು. ಈಗ ಮೊದಲ ಸಲದ ಫೋಟೋ ಮತ್ತು ಕಲಿಕೆಗೆ ಐನೂರು, ತಿಂಗಳ ಭೇಟಿಗೆ ಮುನ್ನೂರು ಪಡೆಯುತ್ತೇನೆ. ಬಂದವರು ಬಿಟ್ಟು ಹೋಗುವುದಿಲ್ಲ, ಅಕ್ಕತಂಗಿಯರನ್ನು, ವಾರಗಿತ್ತಿಯರನ್ನು ಕರೆತರುತ್ತಾರೆ. ಮೂರನೆಯ ವರ್ಷಕ್ಕೆ ಹಳೆಯ ಆದಾಯ ದಾಟಿತು.

ಕೆಲವರನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ. ಬಸುರಿಯರಿಗೆ, ಮಗುವಿನ ಯೋಚನೆಯಲ್ಲಿರುವವರಿಗೆ ಟ್ರೆಟಿನಾಯಿನ್ ಇಲ್ಲ, ಸನ್‌ಸ್ಕ್ರೀನ್ ಅಷ್ಟೇ. ಬಂಗಿಗೆಂದು ಸ್ಟೆರಾಯ್ಡ್ ಬೆರೆತ ಕ್ರೀಮನ್ನು ಚೀಟಿಯಿಲ್ಲದೆ ತಂದು ವರ್ಷಗಟ್ಟಲೆ ಬಳಿದುಕೊಂಡವರು ಬಂದರೆ ನೇರ ವೈದ್ಯರ ಬಳಿಗೆ ಕಳಿಸುತ್ತೇನೆ. 2018ರಲ್ಲಿ ಸರಕಾರ ಇಂಥ ಕ್ರೀಮುಗಳನ್ನು ಚೀಟಿಯ ಪಟ್ಟಿಗೆ ಸೇರಿಸಿದ ಮೇಲೂ ಅವರು ಬರುವುದು ನಿಂತಿಲ್ಲ. ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತಿರುತ್ತವೆ, ತಟ್ಟನೆ ನಿಲ್ಲಿಸಿದರೆ ಮುಖ ಉರಿದೇಳುತ್ತದೆ, ಅದು ನಮ್ಮ ಕೈಯ ಕೆಲಸವಲ್ಲ. ಮಗಳ ಮದುವೆಗೆ ಇನ್ನು ಹದಿನೈದೇ ದಿನ ಇದೆ ಎಂದು ಬರುವ ತಾಯಂದಿರಿಗೆ ಟ್ಯೂಬಿನ ಮಾತೇ ಎತ್ತುವುದಿಲ್ಲ. ಸನ್‌ಸ್ಕ್ರೀನ್, ಮಾಯಿಶ್ಚರೈಸರ್ ಮತ್ತು ಒಂದು ಮೃದುವಾದ ಫೇಶಿಯಲ್ ಮಾಡಿ ಕಳಿಸಿ, ಬೀಗರ ಊಟ ಮುಗಿದ ಮೇಲೆ ಬನ್ನಿ ಎನ್ನುತ್ತೇನೆ. ಹೆಚ್ಚಿನವರು ಬರುತ್ತಾರೆ, ಬೀಗಿತ್ತಿಯನ್ನೂ ಕರೆತಂದವರಿದ್ದಾರೆ.